ಸೆಸ್ ಕಟ್ತಾರೆ, ಬಾಗಿಲು ದಾಟಲ್ಲ: ಊರ ಲೈಬ್ರರಿಗೆ ಜನ ಬರೋದು ಹೇಗೆ?

ರಾಜಘಟ್ಟ: ಪಂಚಾಯ್ತಿಗೆ ಕಂದಾಯ ಕಟ್ಟಿದ ರಸೀದಿಯನ್ನು ಅಂಗಡಿಯವರು ಒಟ್ಟು ಮೊತ್ತ ನೋಡಿ, ಮಡಚಿ ಗಲ್ಲಾಪೆಟ್ಟಿಗೆಗೆ ಹಾಕಿಬಿಡ್ತಾರೆ. ಆ ಮೊತ್ತದೊಳಗೆ ಗ್ರಂಥಾಲಯ ಸೆಸ್ ಅನ್ನೋದೂ ಸೇರಿರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಜಾಗ, ಕಟ್ಟಡದ ತೆರಿಗೆಯಲ್ಲಿ ರೂಪಾಯಿಗೆ ಆರು ಪೈಸೆ. ತೆರಿಗೆ ₹2,000 ಆದರೆ ಸೆಸ್ ₹120. ವರ್ಷಾ ವರ್ಷ ಇಷ್ಟು ಕೊಟ್ಟು ಒಂದು ಪುಸ್ತಕವನ್ನೂ ಮನೆಗೆ ತರದೇ ಇರೋದು ವ್ಯಾಪಾರದ ಲೆಕ್ಕದಲ್ಲಿ ಶುದ್ಧ ನಷ್ಟ.

ಮೊದಲು ಈ ಗ್ರಾಮೀಣ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆ ಕೈಯಲ್ಲಿದ್ದವು. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. ಈಗ ಬೋರ್ಡ್ ಮೇಲೆ ‘ಅರಿವು ಕೇಂದ್ರ’ ಅಂತ ಹೆಸರು. ಅಂದರೆ ಲೈಬ್ರರಿ ಸರಿಯಿಲ್ಲ ಅಂತ ದೂರಲು ಈಗ ಬೆಂಗಳೂರು ಕಡೆ ಕೈ ತೋರಿಸೋ ಹಾಗಿಲ್ಲ. ಅದು ಪಂಚಾಯ್ತಿಯದ್ದೇ ಸ್ವತ್ತು.

ಇಲಾಖೆ ಬದಲಾದ ಮೇಲೆ ಕೆಲಸ ಆಗಿಲ್ಲ ಅಂತಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಅಂದರು. ಊರಿನ ಜನರಿಂದ ಪುಸ್ತಕ ದಾನ ಕೇಳಿದರು, ಗೋಡೆಗೆ ಬಣ್ಣ ಬಂತು, ಹಲವು ಕಡೆ ಕಂಪ್ಯೂಟರ್, ಚೆಸ್ ಬೋರ್ಡ್ ಬಂದವು. ಮಕ್ಕಳು ಬಂದರು. ಮಕ್ಕಳನ್ನು ಕರೆದದ್ದಕ್ಕೆ ಬಂದರು ಅನ್ನೋದೇ ಇಲ್ಲಿ ಗಮನಿಸಬೇಕಾದ ಮಾತು. ದೊಡ್ಡವರನ್ನು ಹಾಗೆ ಯಾರೂ ಕರೆದಿಲ್ಲ.

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಒಂದು ಬ್ಯಾನರ್, ಫೋಟೊಗೆ ಹಾರ, ಎರಡು ಭಾಷಣ, ಟೀ ಬಿಸ್ಕತ್ತು. ಫೋಟೊ ವಾಟ್ಸಾಪ್ ಗ್ರೂಪಿಗೆ ಹೋದರೆ ಪ್ರಚಾರ ಮುಗೀತು. ಬ್ಯಾನರ್ ಕಟ್ಟೋದೂ ಲೈಬ್ರರಿ ಬಾಗಿಲಿಗೇ! ಒಳಗೆ ಬರೋರಿಗೆ ಅದು ಬೇಡ, ಬರದೇ ಇರೋರಿಗೆ ಅದು ಕಾಣಲ್ಲ.

ಪ್ರಚಾರಕ್ಕಿಂತ ಮೊದಲು ನೋಡಬೇಕಾದದ್ದು ಟೈಮು. ದೊಡ್ಡಬಳ್ಳಾಪುರ ತಾಲ್ಲೂಕಿನ ಜನರ ದಿನಚರಿ ಸರ್ಕಾರಿ ಗಡಿಯಾರದ್ದಲ್ಲ. ಮಗ್ಗದವರು ಮಗ್ಗ ನಿಂತಾಗ ಹೊರಗೆ ಬರ್ತಾರೆ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಹೋಗೋ ಹುಡುಗರದ್ದು ಶಿಫ್ಟ್ ಲೆಕ್ಕ. ಅಂಗಡಿಯವರಿಗೆ ಪುರುಸೊತ್ತು ಸಿಗೋದು ಮಧ್ಯಾಹ್ನ ಊಟದ ಹೊತ್ತಲ್ಲಿ, ಇಲ್ಲ ಶೆಟರ್ ಎಳೆದ ಮೇಲೆ. ಇವರೆಲ್ಲ ಕೆಲಸದಲ್ಲಿ ಇರೋ ಹೊತ್ತಲ್ಲಿ ತೆರೆದು, ಬಿಡುವಾದಾಗ ಬೀಗ ಹಾಕೋ ಲೈಬ್ರರಿಗೆ ಎಷ್ಟು ಬ್ಯಾನರ್ ಕಟ್ಟಿದರೂ ಅಷ್ಟೇ. ಗಡಿಯಾಚೆ ಕೇರಳದಲ್ಲಿ, ನಮ್ಮ ಕಾಸರಗೋಡೂ ಸೇರಿ, ಊರವರೇ ಸಮಿತಿ ಮಾಡಿಕೊಂಡು ವಾಚನಾಲಯ ನಡೆಸೋ ರೂಢಿ ಇದೆ. ಸಮಿತಿ ಊರಿನದ್ದಾದರೆ ಟೈಮೂ ಊರಿನದ್ದಾಗುತ್ತೆ.

ಎರಡನೆಯದು, ಪುಸ್ತಕವೇ ಹೊರಗೆ ಬರಬೇಕು. ಕೊಡಗು ಜಿಲ್ಲೆಯಲ್ಲಿ ಪಂಚಾಯ್ತಿಗಳು ‘ಪುಸ್ತಕ ಗೂಡು’ ಅಂತ ಮಾಡಿದವು. ಜನ ಓಡಾಡೋ ಜಾಗದಲ್ಲಿ ಒಂದು ಗೂಡು, ಒಳಗೆ ಪುಸ್ತಕ, ಪೇಪರ್. ಬೇಕಾದವರು ತಗೊಂಡು ಓದೋದು, ವಾಪಸ್ ಇಡೋದು. ಬೀಗ ಇಲ್ಲ, ಕಾಯೋರಿಲ್ಲ. ಒಂದೆರಡು ಪುಸ್ತಕ ಕಳೆದುಹೋದಾವು, ಹೋಗ್ಲಿ. ಬೀರುವಿನಲ್ಲಿ ಗೆದ್ದಲು ತಿನ್ನೋದಕ್ಕಿಂತ ಅದು ವಾಸಿ.

ಇದೇ ಕೆಲಸ ರಾಜಘಟ್ಟದಲ್ಲಿ ಆಗಬೇಕೆಂದರೆ ಹೊಸ ಗೂಡೂ ಬೇಕಿಲ್ಲ. ಬಸ್ ಕಾಯೋ ಜಾಗ, ಹಾಲಿನ ಡೇರಿ, ಕಟಿಂಗ್ ಶಾಪ್, ಟೀ ಅಂಗಡಿ ಸಾಕು. ಕಟಿಂಗ್ ಶಾಪಿನಲ್ಲಿ ಪಾಳಿ ಕಾಯೋರು ಅರ್ಧ ಗಂಟೆ ಮೊಬೈಲ್ ತಿಕ್ಕುತ್ತಾ ಕೂತಿರ್ತಾರೆ. ಅಲ್ಲಿ ಅರಿವು ಕೇಂದ್ರದ ಮುದ್ರೆ ಇರೋ ಹತ್ತು ಪುಸ್ತಕ ಇಟ್ಟು, ಹದಿನೈದು ದಿನಕ್ಕೊಮ್ಮೆ ಬದಲಾಯಿಸಿದರೆ ಅಂಗಡಿಗೂ ನಷ್ಟವಿಲ್ಲ. ಡೇರಿಯಲ್ಲಿ ರೇಷ್ಮೆ, ಹೈನುಗಾರಿಕೆ ಪುಸ್ತಕ, ಹಸು ಕಾಯಿಲೆ ಬಗ್ಗೆ ಮಾಹಿತಿ ಇಡಬಹುದು. ಯಾವ ಪುಸ್ತಕ ಎಲ್ಲಿ ಓಡುತ್ತೆ ಅಂತ ಅಧಿಕಾರಿಗಳಿಗಿಂತ ಗಿರಾಕಿ ನೋಡೋ ಅಂಗಡಿಯವರಿಗೇ ಚೆನ್ನಾಗಿ ಗೊತ್ತಿರುತ್ತೆ.

ಪುಸ್ತಕ ಜನರ ಬಳಿ ಹೋಗೋದು ಹೊಸ ಯೋಚನೆ ಏನಲ್ಲ. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲೇ ಎತ್ತಿನ ಗಾಡಿಯಲ್ಲಿ ಲೈಬ್ರರಿ ಹಳ್ಳಿ ಹಳ್ಳಿಗೆ ಹೊರಟಿತ್ತು. ಅದಕ್ಕೆ ಚಾಲನೆ ಕೊಟ್ಟವರು ಎಸ್.ಆರ್. ರಂಗನಾಥನ್. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದವರೂ ಅವರೇ. ಇಲ್ಲೋ ತಾಲ್ಲೂಕಿನಲ್ಲೇ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಇದೆ. ಎತ್ತಿನ ಜೋಡಿ ಜೊತೆ ರೈತರು ದಿನಗಟ್ಟಲೆ ಅಲ್ಲೇ ಬಿಡಾರ ಹಾಕ್ತಾರೆ, ರಾತ್ರಿಯೆಲ್ಲ ಮಾತಾಡ್ತಾ ಕೂರ್ತಾರೆ. ಅಷ್ಟು ಪುರುಸೊತ್ತಿನ ಜನ ಒಂದೇ ಕಡೆ ಬೇರೆಲ್ಲಿ ಸಿಗ್ತಾರೆ? ಸುತ್ತಲಿನ ಪಂಚಾಯ್ತಿಗಳು ಸೇರಿ ಅಲ್ಲೊಂದು ಪುಸ್ತಕದ ಗಾಡಿ ನಿಲ್ಲಿಸಬಹುದು.

ರಾಜಘಟ್ಟದ ಅರಿವು ಕೇಂದ್ರಕ್ಕೆ ಬೇರೆಯವರಿಗೆ ಇಲ್ಲದ ಒಂದು ಬಂಡವಾಳವೂ ಇದೆ. ಊರವರು ಬೂದಿಗುಂಡಿ ಅಂತ ಕರೆಯೋ ಜಾಗದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಉತ್ಖನನ ಮಾಡಿದಾಗ ಬೌದ್ಧ ಚೈತ್ಯ, ವಿಹಾರದ ಪಾಯ ಸಿಕ್ಕವು. ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು, ಬರಹ ಒತ್ತಿದ ಮಣ್ಣಿನ ಬಿಲ್ಲೆಗಳು ಸಿಕ್ಕವು. ಸಾವಿರ ವರ್ಷಕ್ಕೂ ಹಿಂದೆ ಇದೇ ಊರಿನಲ್ಲಿ ಓದುಬರಹ ಬಲ್ಲವರು ಕೂತು ಕೆಲಸ ಮಾಡಿದ್ದರು ಅಂತಾಯ್ತು. ಈ ವಿಷಯ ಓದಿರೋ ಸಂಶೋಧಕರು ದೂರದ ಊರುಗಳಲ್ಲಿದ್ದಾರೆ. ಇಲ್ಲಿನ ಎಷ್ಟು ಹೈಸ್ಕೂಲ್ ಮಕ್ಕಳು ಇದನ್ನು ವಿವರವಾಗಿ ಹೇಳಿಯಾರು? ಉತ್ಖನನದ ಫೋಟೊಗಳು, ಊರಿನ ಹಿರಿಯರು ಹೇಳೋ ಬೂದಿಗುಂಡಿ ಕತೆಗಳು, ಎಲ್ಲ ಸೇರಿಸಿ ಲೈಬ್ರರಿಯ ಒಂದು ಗೋಡೆ ತುಂಬಿಸಿದರೆ, ತಮ್ಮ ಅಜ್ಜನ ಮಾತು ಗೋಡೆ ಮೇಲಿದೆ ಅಂತ ನೋಡೋಕಾದರೂ ಮನೆಯವರು ಬರ್ತಾರೆ. ಹೊರಗಿನಿಂದ ಜಾಗ ನೋಡಲು ಬಂದವರೂ ಮೊದಲು ಅಲ್ಲಿಗೇ ಹೋಗೋ ಹಾಗಾಗುತ್ತೆ.

ಪೊಲೀಸ್, ಪಿಡಿಒ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರದ್ದು ಬೇರೆ ಕತೆ. ಅವರಿಗೆ ಕತೆ ಪುಸ್ತಕಕ್ಕಿಂತ ಒಂದು ಟೇಬಲ್, ಫ್ಯಾನು, ವೈಫೈ ಬೇಕು. 2020ರಲ್ಲಿ ಶುರುವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಮೊಬೈಲ್‌ನಲ್ಲೇ ಉಚಿತವಾಗಿ ಸೇರಬಹುದು. ಅದರ ಕ್ಯುಆರ್ ಕೋಡನ್ನು ಫೋನ್‌ಪೇ ಸ್ಟಿಕ್ಕರ್ ಪಕ್ಕದಲ್ಲಿ ಅಂಟಿಸೋಕೆ ಯಾವ ಅಂಗಡಿಯವರೂ ಬೇಡ ಅನ್ನಲಾರರು.

ಇಷ್ಟೆಲ್ಲ ಮಾಡೋದು ಯಾರು ಅನ್ನೋದೂ ನ್ಯಾಯವಾದ ಪ್ರಶ್ನೆ. ಒಂದು ಕೇಂದ್ರಕ್ಕೆ ಇರೋದು ಒಬ್ಬರು ಮೇಲ್ವಿಚಾರಕರು. ಬಾಗಿಲು ತೆಗೆಯೋದು, ಕಸ ಗುಡಿಸೋದು, ರಿಜಿಸ್ಟರ್ ಬರೆಯೋದು ಎಲ್ಲ ಅವರೇ. ಅವರ ಮೇಲೇ ಗೂಡು, ಗಾಡಿ, ಗೋಡೆ ಅಂತ ಹೇರಿದರೆ ಮೂರು ತಿಂಗಳಿಗೆ ಎಲ್ಲ ನಿಲ್ಲುತ್ತೆ. ಪುಸ್ತಕ ಬದಲಾಯಿಸೋಕೆ ಸ್ವಸಹಾಯ ಸಂಘದವರು, ಸಂಜೆ ಎರಡು ಗಂಟೆ ಕೂರೋಕೆ ಓದೋ ಹುಡುಗರು ಸಿಗಬಹುದು. ಅವರಿಗೊಂದು ಗೌರವಧನ ಕೊಡೋಕೆ ದುಡ್ಡು?

ಅದಕ್ಕೇ ಆ ಆರು ಪೈಸೆ ಲೆಕ್ಕ. ಹೋದ ವರ್ಷ ಗ್ರಂಥಾಲಯ ಸೆಸ್ ಎಷ್ಟು ವಸೂಲಾಯಿತು, ಅದರಲ್ಲಿ ಪುಸ್ತಕಕ್ಕೆಷ್ಟು, ಬೇರೆ ಖರ್ಚಿಗೆಷ್ಟು ಅಂತ ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ಚರಂಡಿ, ಬೀದಿದೀಪದ ಗಲಾಟೆ ಮುಗಿಯೋವರೆಗೆ ಕಾಯಬೇಕಾಗುತ್ತೆ, ಅಷ್ಟೇ. ಹೋಗುವಾಗ ಗಲ್ಲಾಪೆಟ್ಟಿಗೆಯಿಂದ ರಸೀದಿ ತೆಗೆದು ಜೇಬಲ್ಲಿ ಇಟ್ಕೊಂಡು ಹೋದರೆ ಒಳ್ಳೇದು.