ಗಾಲಿಯ ಮೇಲಿನ ಮನೆಯನ್ನು ಕೊಳ್ಳುವ ಮುನ್ನ

ಕಲ್ಕತ್ತೆಯ ನಮ್ಮವರಲ್ಲಿ ಈಚೆಗೆ ಒಂದು ಹೊಸ ಬಯಕೆ ಹುಟ್ಟಿಕೊಂಡಿದೆ. ನಾಲ್ಕಾರು ಮಂದಿ ಕೂಡಿ ಹಣ ಹಾಕಿ, ಒಳಗೆ ಮಲಗಲು ಹಲಗೆಯೂ ಅಡುಗೆಗೆ ಒಲೆಯೂ ಇರುವ ಒಂದು ವ್ಯಾನನ್ನು ಕೊಂಡು, ರಜೆ ದೊರೆತಾಗ ಪುರಿ, ಸಿಂಹಾಚಲ, ತಿರುಪತಿಗಳ ಮಾರ್ಗವಾಗಿ ಊರಿಗೆ ಹೋಗಿಬರಬೇಕೆಂಬುದೇ ಆ ಬಯಕೆ. ಇದನ್ನು ಹುಚ್ಚೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಇಲ್ಲಿಂದ ಉಡುಪಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಪೂಜೆಯ ದಿನಗಳಲ್ಲಿ ರೈಲಿನ ಟಿಕೆಟ್ಟು ಎಷ್ಟು ದುರ್ಲಭವೆಂಬುದನ್ನು ಹೌರಾ ನಿಲ್ದಾಣದಲ್ಲಿ ಸಾಲು ನಿಂತವರೆಲ್ಲರೂ ಬಲ್ಲರು. ಮೇಲಾಗಿ ನಾವು ವಾಸಿಸುತ್ತಿರುವುದು ಪ್ರವಾಸಪ್ರಿಯರಾದ ಬಂಗಾಳಿಗಳ ನಡುವೆ. 1933ರಲ್ಲಿ ಆರಂಭವಾದ ಕುಂಡು ಸ್ಪೆಷಲ್ ಸಂಸ್ಥೆಯವರು ಅಡುಗೆಯವರನ್ನೇ ಜೊತೆಗೆ ಕರೆದೊಯ್ದು ಯಾತ್ರಿಕರಿಗೆ ಮನೆಯ ಊಟ ಬಡಿಸಿದವರು. ಕಡಾಯಿ, ಅಕ್ಕಿಮೂಟೆಗಳನ್ನು ಬಸ್ಸಿಗೇರಿಸಿಕೊಂಡು ಮೈಸೂರಿನವರೆಗೂ ಬರುವ ಇವರನ್ನು ಕಂಡ ನಮಗೆ ಅಂಥ ಆಸೆ ಹುಟ್ಟಿದುದರಲ್ಲಿ ಸೋಜಿಗವಿಲ್ಲ.

ಆದರೆ ಆಸೆಯ ಬೆನ್ನು ಹತ್ತಿ ಅಂಗಡಿಯ ಮೆಟ್ಟಿಲು ಹತ್ತಿದವನಿಗೆ ಅಲ್ಲಿ ದೊರೆಯುವ ಮರ್ಯಾದೆ ಎಂಥದು, ಅವನಿಗೆ ತಿಳಿಸುವುದೇನು, ತಿಳಿಸದೆ ಬಿಡುವುದೇನು ಎಂಬುದನ್ನು ವಾಚಕರ ಮುಂದಿಡುವುದು ಅವಶ್ಯವೆಂದು ತೋರುತ್ತದೆ.

ಕಳೆದ ಚಳಿಗಾಲದಲ್ಲಿ ನಾವು ಆರು ಮಂದಿ, ಮೂವರು ಹೋಟೆಲಿನವರು, ಮೂವರು ಗುಮಾಸ್ತರು, ನಗರದ ಒಂದು ದೊಡ್ಡ ಮೋಟಾರು ಮಳಿಗೆಗೆ ಹೋದೆವು. ನಮ್ಮ ಚಪ್ಪಲಿಗಳನ್ನು ನೋಡಿಯೇ ಅಲ್ಲಿನ ಯುವಕ ನಮ್ಮ ಬೆಲೆ ಕಟ್ಟಿದಂತಿತ್ತು. 'ಕ್ಯಾಂಪರ್ ಬೇಕು' ಎಂದುದಕ್ಕೆ, ಮುಂದೆ ಎರಡು ಸಾಲು ಆಸನವೂ ಹಿಂದೆ ಸರಕಿನ ತೊಟ್ಟಿಯೂ ಇರುವ ವಾಹನವೊಂದರ ಚಿತ್ರವನ್ನು ತೋರಿಸಿದನು. ಅವನದು ತಪ್ಪಲ್ಲ, ನಮ್ಮ ದೇಶದಲ್ಲಿ ಬೊಲೆರೊ ಕ್ಯಾಂಪರ್ ಎಂದರೆ ಅದೇ. ನಮಗೆ ಬೇಕಾದುದು ಮಲಗುವ ವ್ಯಾನು ಎಂದು ವಿವರಿಸಿ, ಮುಂಗಡ ಹಣ ಸಿದ್ಧವಿದೆಯೆಂದು ಹೇಳಿದ ಮೇಲೆ ಚಹ ಬಂತು, ಕುರ್ಚಿಗಳು ಬಂದವು. ಹೊರಗಿನ ಫಲಕದಲ್ಲಿದ್ದ ಬೆಲೆಗೆ ನೋಂದಣಿ, ತೆರಿಗೆ, ವಿಮೆಗಳು ಸೇರುತ್ತವೆಂಬುದು ನಮಗೆ ತಿಳಿದೇ ಇತ್ತು. ಆದರೆ 'ಹ್ಯಾಂಡ್ಲಿಂಗ್' ಎಂಬ ಇನ್ನೊಂದು ಬಾಬ್ತು ಯಾವ ಕೆಲಸಕ್ಕೆಂದು ಕೇಳಿದರೆ 'ಅದು ರೂಢಿ' ಎಂಬ ಉತ್ತರ. ವಿಮೆಯನ್ನು ತಮ್ಮಲ್ಲಿಯೇ ಕೊಳ್ಳಬೇಕೆಂದನು. ಕೊಳ್ಳುವವನು ತನಗೆ ಬೇಕಾದ ಕಂಪನಿಯಿಂದ ವಿಮೆ ಪಡೆಯಬಹುದೆಂಬುದು ಆತನಿಗೆ ತಿಳಿಯದ ವಿಷಯವಾಗಿರಲಾರದು. ಲೆಕ್ಕವನ್ನೆಲ್ಲ ಬರೆದುಕೊಡಿ ಎಂದಾಗ ಮೊದಲು ಮುಂಗಡ ಕಟ್ಟಿ ಎಂದನು. ನಾವು ಎದ್ದು ಬಂದೆವು.

ಆಮೇಲೆ ನೋಡಿದುದು ಹಳೆಯ ವ್ಯಾನುಗಳಿಗೆ ಹೊಸ ಒಳಾಂಗ ಕಟ್ಟಿಕೊಡುವ ಒಂದು ಕಾರ್ಖಾನೆ. ಅಲ್ಲಿ ಪರದೆಗಳಿದ್ದವು, ಬಣ್ಣದ ದೀಪಗಳಿದ್ದವು, ಮೆತ್ತೆಗಳಿದ್ದವು. ನಾವು ಗುಮಾಸ್ತರು ಮೆತ್ತೆಯನ್ನು ಒತ್ತಿ ನೋಡುತ್ತಿದ್ದಾಗ, ನಮ್ಮೊಡನಿದ್ದ ಅಡುಗೆಯ ಭಟ್ಟರು ಬಗ್ಗಿ ಹಲಗೆಯ ಕೆಳಗೆ ಇಣುಕಿ, "ಮಾರಾಯ್ರೇ, ಸಿಲಿಂಡರಿನ ಮೇಲೆ ಮಲಗುವುದು ಹೇಗೆ?" ಎಂದು ಕೇಳಿದರು. ಅನಿಲ ಸೋರಿದರೆ ಹೊರಹೋಗಲು ಒಂದು ಕಿಂಡಿಯೂ ಇರಲಿಲ್ಲ. 2023ರ ಆಗಸ್ಟ್ 26ರಂದು ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಂದರಲ್ಲಿ, ನಿಯಮ ಮೀರಿ ತಂದಿದ್ದ ಸಿಲಿಂಡರಿನಿಂದ ಬೆಂಕಿಯೆದ್ದು 9 ಮಂದಿ ಮಡಿದುದನ್ನು ಭಟ್ಟರು ಮರೆತಿರಲಿಲ್ಲ. ಮೂವತ್ತು ವರ್ಷ ಒಲೆಯ ಮುಂದೆ ನಿಂತವರ ಕಣ್ಣಿಗೆ ಬಿದ್ದುದು ಓದಿದ ನಮ್ಮ ಕಣ್ಣಿಗೆ ಬೀಳಲಿಲ್ಲ.

ಕಾಗದಪತ್ರಗಳನ್ನು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನೋಂದಣಿ ಪತ್ರದಲ್ಲಿ ಅದು ಇನ್ನೂ ಹನ್ನೆರಡು ಆಸನಗಳ ಪ್ರಯಾಣಿಕರ ವಾಹನ. ಹಾಸಿಗೆಯ ಸುದ್ದಿ ಅದರಲ್ಲಿ ಇಲ್ಲ. "ಯಾರು ನೋಡುತ್ತಾರೆ, ದಾದಾ?" ಎಂದು ಮಾಲೀಕನು ನಕ್ಕನು.

ನೋಡುವವರಿದ್ದಾರೆ. ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ತಪ್ಪಿಗೆ ಹೊಣೆ ವಾಹನದ ಮಾಲೀಕ: ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಇಂದು ಹಲಗೆ ಬಡಿದವನು ನಾಳೆ ಬೇಲ್ತಲಾ ಕಚೇರಿಯಲ್ಲಿ ನಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ. ಅಪಘಾತವಾದರಂತೂ ವಿಮೆಯವರಿಗೆ ತಕರಾರು ತೆಗೆಯಲು ಇಷ್ಟು ಸಾಕು. ಹಾಗೆಂದು ಮನೆವ್ಯಾನೇ ನಿಷಿದ್ಧವೆಂದು ತಿಳಿಯಬೇಕಾಗಿಲ್ಲ. ಆಸನ, ಮೇಜು, ಹಾಸಿಗೆ, ಅಡುಗೆಯ ಏರ್ಪಾಡು, ಸಾಮಾನಿಡುವ ಜಾಗ ಇವುಗಳಿರುವ 'ಮೋಟಾರ್ ಕಾರವಾನ್' ಎಂಬ ವರ್ಗವೇ ಸರಕಾರದ ನಿಯಮಗಳಲ್ಲಿದೆ. ಅದಕ್ಕೆಂದು ಎಐಎಸ್-124 ಎಂಬ ಮಾನಕವೂ ಇದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಖಾಸಗಿಯಾಗಿ ನೋಂದಾಯಿಸಲೂಬಹುದು. ಆ ವರ್ಗದ ಹೆಸರು ಪತ್ರದಲ್ಲಿ ಕಾಣುವವರೆಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ವಾಹನವಾದರೆ ಪತ್ರದಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಉಳಿದಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಕೂಡಿ ಕೊಳ್ಳುವವರು ಇನ್ನೊಂದು ವಿಷಯವನ್ನು ಯೋಚಿಸಬೇಕು. ಹಲವರು ಸೇರಿ ಕೊಂಡ ವಾಹನಕ್ಕೆ ಅವರಲ್ಲೊಬ್ಬನು ಅರ್ಜಿ ಹಾಕತಕ್ಕದ್ದು. ಆ ಕಾಯಿದೆಯ ಮಟ್ಟಿಗೆ ಅವನನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಎಂದರೆ ದಂಡ, ಮೊಕದ್ದಮೆ, ಪರಿಹಾರದ ಹೊಣೆ ಮೊದಲು ಬೀಳುವುದು ಅವನೊಬ್ಬನ ಹೆಗಲಿಗೆ; ಉಳಿದ ಐವರ ಹಣಕ್ಕೆ ಅವನ ಬಾಯಿಮಾತೇ ಆಧಾರ. ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುವ ಸ್ನೇಹಿತರಲ್ಲಿ ಬರವಣಿಗೆ ಏಕೆ ಎನ್ನುವವರಿದ್ದಾರೆ. ಒಬ್ಬನು ಕೆಲಸ ಬಿಟ್ಟು ಊರಿಗೆ ಹೊರಟ ದಿನ ಅವನ ಪಾಲನ್ನು ಯಾವ ಲೆಕ್ಕದಲ್ಲಿ ಹಿಂದಿರುಗಿಸುತ್ತೀರಿ ಎಂದು ಅವರನ್ನು ಕೇಳಬೇಕಾಗಿದೆ. ಛಾಪಾ ಕಾಗದದ ಮೇಲೆ ಒಂದು ಕರಾರು ಬರೆದುಕೊಂಡರೆ ಸ್ನೇಹ ಕೆಡದು. ಬಿಡುವಿನಲ್ಲಿ ವ್ಯಾನನ್ನು ಬಾಡಿಗೆಗೆ ಬಿಟ್ಟು ಕಂತು ತೀರಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಖಾಸಗಿ ನೋಂದಣಿಯ ವಾಹನಕ್ಕೆ ಪರವಾನಗಿಯಿಲ್ಲದೆ ಅದು ಸಲ್ಲದು. ಊರಿನಲ್ಲಿಯೇ ಬಿಟ್ಟುಬರೋಣವೆಂದರೆ, ಹನ್ನೆರಡು ತಿಂಗಳು ಮೀರಿದ ಮೇಲೆ ಅಲ್ಲಿನ ನೋಂದಣಿ ಸಂಖ್ಯೆಯನ್ನು ಪಡೆಯಬೇಕು.

ನನ್ನನ್ನು ಕೇಳಿದರೆ, ಮೊದಲು ಒಮ್ಮೆ ಬಾಡಿಗೆಗೆ ಪಡೆದು ನಾಲ್ಕು ರಾತ್ರಿ ಮಲಗಿ ನೋಡುವುದು ಲೇಸು. ಕೇರಳ ಸರಕಾರವು 2021ರಲ್ಲಿ ಕಾರವಾನ್ ಪ್ರವಾಸದ ನೀತಿಯನ್ನೇ ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಬಾಡಿಗೆಗೆ ಕೊಡುವವರಿದ್ದಾರೆ. ವರ್ಷಕ್ಕೆ ಹದಿನೈದು ದಿನ ಓಡಿ ಉಳಿದ ದಿನಗಳಲ್ಲಿ ಗಲ್ಲಿಯಲ್ಲಿ ಮಳೆಗೆ ನೆನೆಯುವ ವ್ಯಾನು, ನಿಲ್ಲಿಸಲು ಜಾಗವಿಲ್ಲದ ಈ ನಗರದಲ್ಲಿ, ಆಸ್ತಿಯೋ ಹೊರೆಯೋ ಎಂಬುದು ಆಗ ತಾನೇ ತಿಳಿಯುತ್ತದೆ.

ಕೊಂಡು ಮೋಸಹೋದವರು ಸುಮ್ಮನಿರಬೇಕಾದುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಾರಿದವನು ಎಲ್ಲಿದ್ದರೂ, ಕೊಂಡವನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಇಲ್ಲಿ ದುಡಿಯುತ್ತ ಬೆಂಗಳೂರಿನಲ್ಲಿ ವಾಹನ ಕೊಳ್ಳುವ ನಮ್ಮವರಿಗೆ ಇದು ಬಹಳ ಅನುಕೂಲ. ಆದರೆ ದೂರಿಗೆ ರಸೀದಿ ಬೇಕು, ಬರೆದ ಲೆಕ್ಕ ಬೇಕು. ಪೂರ್ಣ ಬೆಲೆಯನ್ನೂ ವಾಹನದ ವರ್ಗವನ್ನೂ ಬರೆದು ಸಹಿ ಹಾಕಿ, ಮುಂಗಡಕ್ಕೆ ಮೊದಲೇ ಗಿರಾಕಿಯ ಕೈಗೆ ಕೊಡುವಂತೆ ಸರಕಾರವು ಮಳಿಗೆಗಳವರಿಗೆ ಕಟ್ಟುನಿಟ್ಟಾಗಿ ವಿಧಿಸಬೇಕು. ಹತ್ತು ರೂಪಾಯಿಯ ದೋಸೆಗೂ ಗೋಡೆಯ ಮೇಲೆ ದರ ಬರೆದು, ಕೇಳಿದವರಿಗೆಲ್ಲ ಬಿಲ್ಲು ಕೊಟ್ಟು ಬಂದವರು ನಾವು. ಲಕ್ಷಗಳ ವ್ಯಾಪಾರದಲ್ಲಿ ಒಂದು ಹಾಳೆಯನ್ನು ಕೇಳುವುದು ದುಬಾರಿಯೆಂದು ಯಾರೂ ಹೇಳಲಾರರು.