ಸ್ಥಾವರ, ಜಂಗಮ ಮತ್ತು ಇಂಗ್ಲಿಷಿನ ಪದಸಂಪತ್ತು

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ ಹೋಗಿಬರುವ ದಾರಿ ನಮ್ಮ ಸಮಾಜದ ಕುಟುಂಬಗಳಿಗೆ ಹೊಸದೇನಲ್ಲ. ಈಗ ಅದೇ ದಾರಿಯಲ್ಲಿ ವಿದ್ಯಾರ್ಥಿಗಳೂ ಇಳಿಯುತ್ತಾರೆ. ಘಟ್ಟದ ಮೇಲಿನ ಊರುಗಳ ಮಕ್ಕಳು ಉಜಿರೆ, ಮೂಡುಬಿದಿರೆಗಳ ವಿದ್ಯಾಸಂಸ್ಥೆಗಳಲ್ಲಿ ಪದವಿ ಪಡೆದು, ಅಲ್ಲಿಂದ ಮುಂದಕ್ಕೆ ಬ್ಯಾಂಕು, ಸೈನ್ಯ, ಕೇಂದ್ರ ಸೇವೆ ಮೊದಲಾದ ಸ್ಪರ್ಧಾತ್ಮಕ ಪರೀಕ್ಷೆಗಳತ್ತ ಕಣ್ಣು ಹಾಯಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಅಲ್ಲಿ ಮೊದಲು ಅಂಜುವುದು ಗಣಿತಕ್ಕಲ್ಲ, ಇತಿಹಾಸಕ್ಕೂ ಅಲ್ಲ, ಇಂಗ್ಲಿಷಿನ ಕಠಿಣ ಪದಗಳಿಗೆ. ಮಗನೋ ಮಗಳೋ ರಾತ್ರಿಯೆಲ್ಲ ಪದಗಳ ಪಟ್ಟಿಯನ್ನು ಉರುಹೊಡೆಯುವುದನ್ನು ಕಂಡ ತಂದೆತಾಯಿಗಳು, ಇದಕ್ಕೆ ಬೇರೆ ದಾರಿಯಿಲ್ಲವೇ ಎಂದು ನಮ್ಮನ್ನು ಕೇಳುವುದುಂಟು. ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸೋಣ.

ಈ ಅಂಜಿಕೆ ನಿರಾಧಾರವೆಂದು ನಾವು ಹೇಳಲಾರೆವು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವಿದೆ. ಆದರೆ ಅದರಲ್ಲಿ 300 ಅಂಕಗಳ ಕಡ್ಡಾಯ ಇಂಗ್ಲಿಷ್ ಪತ್ರಿಕೆಯೊಂದಿದ್ದು, ಶೇಕಡಾ 25ರಷ್ಟು, ಅಂದರೆ 75 ಅಂಕಗಳನ್ನು ಗಳಿಸಲೇಬೇಕು. ಗಳಿಸದಿದ್ದರೆ ಉಳಿದ ಪತ್ರಿಕೆಗಳು ಲೆಕ್ಕಕ್ಕೇ ಬರುವುದಿಲ್ಲ. ವರ್ಷಗಟ್ಟಲೆ ಓದಿದ ಜಾಣ ಹುಡುಗನೊಬ್ಬ ಕನ್ನಡದಲ್ಲಿ ಎಷ್ಟೇ ಸೊಗಸಾಗಿ ಬರೆದಿದ್ದರೂ ಇದೊಂದರಲ್ಲಿ ಎಡವಿದರೆ ಆ ಉತ್ತರಗಳೆಲ್ಲ ವ್ಯರ್ಥ. ಆದರೆ ಈ ಪತ್ರಿಕೆಯ ಮಟ್ಟ ಮೆಟ್ರಿಕ್ಯುಲೇಷನ್ನಿನದು ಎಂದು ಆಯೋಗವೇ ಹೇಳಿದೆ. ಗದ್ಯಭಾಗವನ್ನು ಓದಿ ಅರ್ಥಮಾಡಿಕೊಳ್ಳುವುದು, ಸಂಕ್ಷೇಪಿಸುವುದು, ಪ್ರಬಂಧ ಬರೆಯುವುದು, ಪದಗಳನ್ನು ಸರಿಯಾಗಿ ಬಳಸುವುದು ಇಷ್ಟೇ ಅಲ್ಲಿನ ಬೇಡಿಕೆ. ಅದಕ್ಕಾಗಿ ಮೂರು ಸಾವಿರ ಅಪರೂಪದ ಪದಗಳ ಪಟ್ಟಿಯನ್ನು ಹಿಡಿದು ಕೂರುವುದು ಸೊಳ್ಳೆಗೆ ಕೊಡಲಿ ಎತ್ತಿದಂತೆ. ಸೈನ್ಯಾಧಿಕಾರಿಗಳ ಆಯ್ಕೆಗಾಗಿ ನಡೆಯುವ ಪರೀಕ್ಷೆ, ಬ್ಯಾಂಕ್ ಅಧಿಕಾರಿಗಳ ಪರೀಕ್ಷೆ ಮುಂತಾದವುಗಳಲ್ಲಿ ಪದಜ್ಞಾನದ ಪಾಲು ಹೆಚ್ಚು. ಅಲ್ಲಿಗೆ ಹೋಗುವವರು ಇನ್ನಷ್ಟು ದುಡಿಯಬೇಕು. ಯಾವ ಪರೀಕ್ಷೆಗೆ ಎಷ್ಟು ಬೇಕೆಂಬುದನ್ನು ಹಳೆಯ ಪ್ರಶ್ನೆಪತ್ರಿಕೆಗಳನ್ನು ನೋಡಿ ಮೊದಲು ತಿಳಿದುಕೊಳ್ಳುವುದು ಲೇಸು.

ಇನ್ನು ಉರುಹೊಡೆಯುವ ಮಾತು. ಪಟ್ಟಿಯಲ್ಲಿರುವ ಪದಕ್ಕೆ ಬಂಧುಬಳಗವಿಲ್ಲ, ಆದುದರಿಂದ ಅದು ಮನಸ್ಸಿನಲ್ಲಿ ನೆಲೆಗೊಳ್ಳುವುದಿಲ್ಲ. ನಮ್ಮ ಮನೆಗಳ ಮಕ್ಕಳಾದರೋ ಆ ಬಂಧುಬಳಗವನ್ನು ತಮಗೆ ಅರಿವಿಲ್ಲದೆಯೇ ಪಡೆದಿದ್ದಾರೆ. ವಚನಗಳನ್ನು ಕೇಳಿ ಬೆಳೆದ ಮಗುವಿಗೆ ಸ್ಥಾವರ, ಜಂಗಮ ಎಂಬೆರಡು ಪದಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಂತದ್ದು ಸ್ಥಾವರ, ನಡೆಯುವುದು ಜಂಗಮ. ಸಂಸ್ಕೃತದ 'ಸ್ಥಾ' ಧಾತುವಿಗೂ ಇಂಗ್ಲಿಷಿನ 'ಸ್ಟ್ಯಾಂಡ್' ಎಂಬುದಕ್ಕೂ ಮೂಲ ಒಂದೇ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ ತಮ್ಮ ವಚನಾನುವಾದ 'ಸ್ಪೀಕಿಂಗ್ ಆಫ್ ಶಿವ'ದ ಪ್ರಸ್ತಾವನೆಯಲ್ಲಿ ಈ ನಂಟನ್ನು ತೋರಿಸಿಕೊಟ್ಟಿದ್ದಾರೆ. ಸ್ಟೇಷನ್, ಸ್ಟೇಟಸ್, ಸ್ಟೇಬಲ್, ಸ್ಟ್ಯಾಟಿಕ್, ಕಾನ್‌ಸ್ಟಂಟ್ ಎಲ್ಲವೂ ಆ ಒಂದೇ ಬೇರಿನ ಕೊಂಬೆಗಳು. ಮಲೆನಾಡಿನವರು ದಿನಕ್ಕೆ ಹತ್ತು ಸಲ ಹೇಳುವ ಕಾಫಿ ಎಸ್ಟೇಟ್ ಕೂಡ ಅದೇ. ನಮ್ಮ ಹಳೆಯ ಪತ್ರಗಳಲ್ಲಿ ಬರುವ 'ಸ್ಥಾವರ ಜಂಗಮ ಸ್ವತ್ತು' ಎಂಬಲ್ಲಿನ ಸ್ಥಾವರಕ್ಕೂ ಈ ಎಸ್ಟೇಟಿಗೂ ಬೇರು ಒಂದೇ ಎಂದರೆ ಹಿರಿಯರಿಗೂ ಕೌತುಕವಾದೀತು.

ಜಂಗಮದೊಳಗಿರುವುದು 'ಗಮ್' ಧಾತು, ಹೋಗು ಎಂದರ್ಥ. ಇಂಗ್ಲಿಷಿನ 'ಕಮ್' ಅದರ ಹತ್ತಿರದ ಬಂಧು. ಲ್ಯಾಟಿನ್ನಿನಲ್ಲಿ ಅದು 'ವೆನೀರೆ' ಎಂಬ ರೂಪ ತಾಳಿ, ಅಲ್ಲಿಂದ ಇಂಗ್ಲಿಷಿಗೆ 'ವೀನ್', 'ವೆಂಟ್' ಎಂದು ಬಂದಿದೆ. ಕನ್ವೀನ್ ಎಂದರೆ ಒಂದೆಡೆ ಬರಮಾಡು, ಅಂದರೆ ಸಭೆ ಕರೆ. ಇಂಟರ್‌ವೀನ್ ಎಂದರೆ ನಡುವೆ ಬರು. ಕಾಂಟ್ರವೀನ್ ಎಂದರೆ ವಿರುದ್ಧವಾಗಿ ಹೋಗು, ಅರ್ಥಾತ್ ನಿಯಮವನ್ನು ಮುರಿ.

ಚಾರ್ಮಾಡಿಯ ದಾರಿಯನ್ನೇ ನೆನೆಯೋಣ. 2019ರ ಆಗಸ್ಟಿನಲ್ಲಿ ಭಾರಿ ಮಳೆಗೆ ಘಾಟಿಯ ಗುಡ್ಡಗಳು ಕುಸಿದು ರಸ್ತೆ ಮುಚ್ಚಿಹೋಯಿತು. ದಾರಿಗೆ ಅಡ್ಡಲಾಗಿ ಬಂದು ನಿಂತ ಬಂಡೆ 'ಅಬ್‌ಸ್ಟಕಲ್'. 'ಅಬ್' ಎಂದರೆ ಎದುರು, 'ಸ್ಟ' ಎಂದರೆ ನಿಲ್ಲು, ಎದುರು ನಿಂತದ್ದು. ಆ ಬಂಡೆಯನ್ನು ತಪ್ಪಿಸಿಕೊಂಡು ಸುತ್ತಿಬಳಸಿ ಮುಂದೆ ಸಾಗುವುದು 'ಸರ್ಕಂವೆಂಟ್'. 'ಸರ್ಕಂ' ಎಂದರೆ ಸುತ್ತ, 'ವೆಂಟ್' ಎಂದರೆ ಬರು. ಒಂದು ಸ್ಥಾವರದ ಮನೆತನದ್ದು, ಇನ್ನೊಂದು ಜಂಗಮದ ಮನೆತನದ್ದು. ಪರೀಕ್ಷೆಗಳಲ್ಲಿ ಸರ್ಕಂವೆಂಟ್ ಪದವು ಕಾನೂನಿನಿಂದ ಉಪಾಯವಾಗಿ ನುಣುಚಿಕೊಳ್ಳು ಎಂಬ ಅರ್ಥದಲ್ಲಿ ಹೆಚ್ಚಾಗಿ ಬರುತ್ತದೆ. ಘಾಟಿಯ ಚಿತ್ರ ಮನಸ್ಸಿನಲ್ಲಿದ್ದವನಿಗೆ ಆ ಅರ್ಥವನ್ನು ಊಹಿಸುವುದು ಕಷ್ಟವಲ್ಲ.

ಜ್ಞಾನದ 'ಜ್ಞಾ' ಇಂಗ್ಲಿಷಿನಲ್ಲಿ 'ಗ್ನೊ' ಆಗಿ ರೆಕಗ್ನೈಸ್, ಇಗ್ನೊರಂಟ್, ಡಯಾಗ್ನೋಸಿಸ್, ಅಗ್ನಾಸ್ಟಿಕ್ ಪದಗಳಲ್ಲಿ ಕುಳಿತಿದೆ. ಮೃತ್ಯುವಿನ ಬಂಧು ಮಾರ್ಟಲ್, ಅಮೃತದ ಬಂಧು ಇಮ್ಮಾರ್ಟಲ್. ರೈತರ ನಿದ್ದೆಗೆಡಿಸುವ ಮಾರ್ಟಗೇಜ್ ಅಥವಾ ಅಡಮಾನದಲ್ಲಿಯೂ ಮೊದಲ ಭಾಗಕ್ಕೆ ಸಾವು ಎಂದೇ ಅರ್ಥ. ಸಾಲ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ! ಇಂಥ ಧಾತುಗಳ ಮೂಲಕವೇ ಪದಗಳನ್ನು ಕಲಿಸುವ ನಾರ್ಮನ್ ಲೂಯಿಸರ 'ವರ್ಡ್ ಪವರ್ ಮೇಡ್ ಈಸಿ' 1949ರಲ್ಲಿ ಹೊರಬಂದರೂ ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ನಂಟು ಸಂಸ್ಕೃತದಿಂದ ಬಂದ ಪದಗಳಿಗೆ ಮಾತ್ರ ಸಲ್ಲುತ್ತದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದವೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನು. ನಮ್ಮ ಕನ್ನಡವಾದರೋ ದ್ರಾವಿಡ ಮನೆತನದ್ದು. ನೀರು, ಮನೆ, ಕಲ್ಲು, ಮರಗಳಿಗೆ ಇಂಗ್ಲಿಷಿನಲ್ಲಿ ಸೋದರರನ್ನು ಹುಡುಕಹೊರಟರೆ ನಗೆಪಾಟಲಾದೇವು. ಇಂಗ್ಲಿಷಿನ ಒಳಗೂ ಮೋಸದ ತಿರುವುಗಳಿವೆ. 'ಇನ್' ಎಂಬುದು ಪದದ ಮೊದಲಿಗೆ ಬಂದರೆ ಅನೇಕ ಕಡೆ 'ಅಲ್ಲ' ಎಂದರ್ಥ. ಆದರೆ ಇಂಧನದ ಟ್ಯಾಂಕರುಗಳ ಹಿಂಬದಿಯಲ್ಲಿ ಬರೆದಿರುವ 'ಇನ್‌ಫ್ಲೇಮಬಲ್' ಎಂಬುದಕ್ಕೆ ಬೆಂಕಿ ಹೊತ್ತಿಕೊಳ್ಳದು ಎಂದು ಅರ್ಥಮಾಡಿದರೆ ಅಂಕವಷ್ಟೇ ಅಲ್ಲ, ಪ್ರಾಣವೂ ಹೋದೀತು. ಆದ್ದರಿಂದ ಧಾತುವಿನಿಂದ ಊಹಿಸಿದ್ದನ್ನು ನಿಘಂಟಿನಲ್ಲಿ ನೋಡಿ ಖಚಿತಪಡಿಸಿಕೊಳ್ಳದೆ ಬಿಡಬಾರದು.

ನಿಘಂಟಿನ ಮಾತು ಬಂದಾಗ ಘಟ್ಟದ ಕೆಳಗಿನ ಮಂಗಳೂರನ್ನು ನೆನೆಯದಿರಲಾಗದು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಎಂಬ ಜರ್ಮನ್ ಯುವಕನು ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಅಲ್ಲಿ ಅಚ್ಚು ಮಾಡಿಸಿದನು. ಬಂದಾಗ ಆತನಿಗೆ ಕನ್ನಡವೂ ಪರಭಾಷೆ, ಇಂಗ್ಲಿಷೂ ಪರಭಾಷೆ. ಆತನು ಪದಗಳನ್ನು ಕಾವ್ಯಗಳಿಂದ ಆಯ್ದನು, ಜನರ ಬಾಯಿಂದ ಕೇಳಿ ಬರೆದುಕೊಂಡನು, ಪ್ರಯೋಗದೊಡನೆ ಅರ್ಥ ಕೊಟ್ಟನು. ಬೆಳ್ತಂಗಡಿ ಸೀಮೆಯ ಮಕ್ಕಳನ್ನು ನೋಡಿದರೂ ಈ ಕ್ರಮವೇ ಕಾಣುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ ಮಲೆಯಾಳವೋ. ಅವರಾರೂ ಎರಡನೆಯ ಭಾಷೆಯನ್ನು ಪಟ್ಟಿ ನೋಡಿ ಕಲಿತವರಲ್ಲ. ವಾಕ್ಯದಲ್ಲಿ ಕೇಳಿದರು, ವಾಕ್ಯದಲ್ಲಿ ಆಡಿದರು.

ಆದಕಾರಣ ನಾವು ಸೂಚಿಸುವ ಅಭ್ಯಾಸ ಇದು. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಿಂದ ನಾಲ್ಕೈದು ವಾಕ್ಯಗಳನ್ನು ಆರಿಸಿ ಕನ್ನಡಕ್ಕೆ ತಿರುಗಿಸಿ ಬರೆಯಬೇಕು. ಮರುದಿನ ಮೂಲವನ್ನು ನೋಡದೆ ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಂದು, ಬಳಿಕ ಎರಡನ್ನೂ ಹೋಲಿಸಬೇಕು. ತನಗೆ ಹೊಳೆಯದ ಪದ ಯಾವುದೆಂಬುದು ಆಗ ತಾನೇ ತಿಳಿಯುತ್ತದೆ, ಅಂಥದ್ದು ಬೇಗ ಮರೆಯುವುದಿಲ್ಲ. ಷೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ'ಯಾಗಿ ಕನ್ನಡಕ್ಕೆ ತಂದ ಡೆಪ್ಯೂಟಿ ಚನ್ನಬಸಪ್ಪನವರಂಥ ಹಿರಿಯರಿಗೆ ಎರಡು ಭಾಷೆಗಳೂ ಒಂದಕ್ಕೊಂದು ಊರುಗೋಲಾಗಿದ್ದವು, ವೈರಿಗಳಾಗಿರಲಿಲ್ಲ.

ಪದಗಳನ್ನು ಅಕಾರಾದಿಯಾಗಿ ಬರೆಯದೆ ಧಾತುವಿಗೊಂದು ಪುಟದಂತೆ ಬರೆಯಲಿ. ಎಡಪುಟದಲ್ಲಿ ಇಂಗ್ಲಿಷ್ ಪದ ಮತ್ತು ಅದು ಸಿಕ್ಕ ವಾಕ್ಯ, ಬಲಪುಟದಲ್ಲಿ ಕನ್ನಡದ ಅರ್ಥವಿರಲಿ. ಬರೆದುದನ್ನು ಮರುದಿನ, ವಾರದ ಬಳಿಕ, ತಿಂಗಳ ಬಳಿಕ ತಿರುವಿ ನೋಡಲಿ. ಪ್ರಬಂಧ ಬರೆಯುವಾಗ ಮಾತ್ರ ಹೊಸದಾಗಿ ಕಲಿತ ದೊಡ್ಡ ಪದವನ್ನು ತೋರಿಕೆಗಾಗಿ ತುರುಕುವುದು ಬೇಡ. ಇಂಗ್ಲಿಷ್ ಬಾರದ ತಾಯಂದಿರೂ ಇದರಲ್ಲಿ ಪಾಲುಗೊಳ್ಳಬಹುದು. ರಾತ್ರಿ ಊಟವಾದ ಮೇಲೆ ಬಲಪುಟದ ಕನ್ನಡವನ್ನು ಓದಿ ಹೇಳಿ, ಇಂಗ್ಲಿಷ್ ಪದ ಯಾವುದು ಮಗಾ ಎಂದು ಕೇಳಿದರೆ ಸಾಕು. ಮೊದಲ ಪುಟಕ್ಕೆ 'ಸ್ಥಾ', ಎರಡನೆಯದಕ್ಕೆ 'ಗಮ್' ಇದ್ದೇ ಇವೆ. ಮೂರನೆಯದಕ್ಕೆ ಉಪಾಧ್ಯಕ್ಷ, ಉಪನದಿಗಳ 'ಉಪ'ವನ್ನೂ ಅದರ ಬಂಧುವಾದ 'ಸಬ್' ಎಂಬುದನ್ನೂ ಮುಂದಿನ ಸಂಚಿಕೆಯಲ್ಲಿ ನೋಡೋಣ.