ಉಭಯ ಕುಶಲೋಪರಿ

ಹಿರಿಯರ ಪೆಟ್ಟಿಗೆಯಲ್ಲಿ ಉಳಿದಿರುವ ಹಳೆಯ ಪತ್ರಗಳನ್ನು ಬಿಚ್ಚಿ ನೋಡಿದವರಿಗೆ ಅವುಗಳ ಒಕ್ಕಣೆ ಪರಿಚಿತವಾದುದೇ. ನೆತ್ತಿಯ ಮೇಲೆ ‘ಶ್ರೀ ಗುರುಬಸವಲಿಂಗಾಯ ನಮಃ’ ಎಂಬ ಮಂಗಳವಾಕ್ಯ, ಬಲಗಡೆಗೆ ಊರು ಮತ್ತು ತಾರೀಖು, ಹಿರಿಯರಿಗಾದರೆ ‘ತೀರ್ಥರೂಪ ಸಮಾನರಾದ’, ಕಿರಿಯರಿಗಾದರೆ ‘ಚಿರಂಜೀವಿ’, ಸರೀಕರಿಗೆ ‘ಶರಣು ಶರಣಾರ್ಥಿ’. ಅದರ ಬೆನ್ನಿಗೇ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಮಾತು. ಶಾಲೆಯ ಮೆಟ್ಟಿಲನ್ನು ಹತ್ತದವರೂ ಪರರಿಂದ ಪತ್ರ ಬರೆಸುವಾಗ ಈ ಮಾತನ್ನು ಬಿಡುತ್ತಿರಲಿಲ್ಲ. ಅರ್ಥ ಸರಳ. ಇಬ್ಬರ ಕುಶಲವನ್ನೂ ಹೇಳಿ ಕೇಳಿ ಆದ ಮೇಲೆ, ಇನ್ನು ವಿಷಯಕ್ಕೆ ಬರೋಣ ಎಂದು. ನಾವು ಈ ತಿಂಗಳು ಚಿಂತಿಸಬೇಕೆಂದಿರುವುದು ಆ ‘ಉಭಯ’ ಎಂಬ ಪದವನ್ನು ಕುರಿತು.

ನಮ್ಮ ಸಮಾಜದಲ್ಲಿ ದೂರದ ಊರುಗಳ ಸ್ನೇಹ ಹೆಚ್ಚಾಗಿ ಹುಟ್ಟಿದ್ದು ಪ್ರಸಾದ ನಿಲಯಗಳಲ್ಲಿ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ, ಮೈಸೂರಿನ ಸುತ್ತೂರು ಮಠದ ನಿಲಯಗಳು ಮೊದಲಾದ ಕಡೆ ಅನ್ನ, ವಸತಿಗಳನ್ನು ಪಡೆದು ಓದಿದ ರೈತರ ಮಕ್ಕಳ ಸಂಖ್ಯೆ ಸಣ್ಣದಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು, ಒಂದೇ ಲಾಟೀನಿನ ಬೆಳಕಿನಲ್ಲಿ ಓದಿದವರು, ಪರೀಕ್ಷೆ ಮುಗಿದ ಮರುವಾರವೇ ಚದುರಿ ಹೋಗುತ್ತಿದ್ದರು. ಒಬ್ಬನಿಗೆ ಬ್ಯಾಂಕಿನ ನೌಕರಿ, ಒಬ್ಬನಿಗೆ ಮಾಸ್ತರಿಕೆ, ಮತ್ತೊಬ್ಬನಿಗೆ ತಂದೆಯ ಅಂಗಡಿ. 2019ರ ಜನವರಿ 21ರಂದು ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ತುಮಕೂರಿಗೆ ಧಾವಿಸಿದರು. ಆ ಜನಸಾಗರದಲ್ಲಿ ತಲೆ ನರೆತ ಹಳೆಯ ವಿದ್ಯಾರ್ಥಿಗಳು ಎಷ್ಟೋ ಮಂದಿ. ದರ್ಶನದ ಸಾಲಿನಲ್ಲಿ ನಿಂತು, ‘ನೀನು ಇಂಥವನಲ್ಲವೇ’ ಎಂದು ಒಬ್ಬರ ಮುಖವನ್ನೊಬ್ಬರು ಗುರುತಿಸಲು ಯತ್ನಿಸಿದವರ ಕಥೆಗಳನ್ನು ನಾವು ಹಲವರ ಬಾಯಲ್ಲಿ ಕೇಳಿದ್ದೇವೆ. ಗುರುವಿನ ಸಮಾಧಿಯ ಸನ್ನಿಧಿಯಲ್ಲಿ ಮಾತ್ರ ಗೆಳೆಯರು ಕೂಡುವಂತಾದರೆ ನಡುವಿನ ನಲವತ್ತು ವರ್ಷಗಳು ಎಲ್ಲಿಗೆ ಹೋದವು?

ಧಾರವಾಡದ ಒಂದು ನಿಲಯದಲ್ಲಿ ನಮ್ಮ ಜೊತೆ ಓದಿದವರಲ್ಲಿ, ನಮ್ಮನ್ನೂ ಸೇರಿಸಿ, ಏಳು ಮಂದಿಯ ಒಂದು ಗುಂಪಿತ್ತು. 1983ರಲ್ಲಿ ಚದುರಿದೆವು. ನಾವು ಧಾರವಾಡದಲ್ಲೇ ಉಳಿದೆವು. ಮಿಕ್ಕವರು ಬೆಳಗಾವಿ, ಪುಣೆ, ಸೊಲ್ಲಾಪುರ, ಗುಲಬರ್ಗಾ, ಬಳ್ಳಾರಿ, ಬೆಂಗಳೂರುಗಳಲ್ಲಿ ನೆಲೆ ನಿಂತರು. ಎಲ್ಲರೂ ಎಲ್ಲರಿಗೂ ಬರೆಯಬೇಕೆಂದರೆ ಅಂಚೆಯ ಖರ್ಚೂ ಬಹಳ, ಬರೆಯುವ ಕೈಗೆ ದಣಿವೂ ಬಹಳ. ಪುಣೆಯ ಮಿತ್ರರು ಒಂದು ಉಪಾಯ ಹೂಡಿದರು. ಒಂದು ದೊಡ್ಡ ಲಕೋಟೆ, ಅದರಲ್ಲಿ ಏಳು ಜನರ ಏಳು ಪತ್ರ. ಲಕೋಟೆ ಕೈಗೆ ಬಂದಾಗ ಆರು ಜನರ ಪತ್ರಗಳನ್ನು ಓದುವುದು, ಹಿಂದಿನ ಸುತ್ತಿನಲ್ಲಿ ತಾನು ಇಟ್ಟಿದ್ದ ಪತ್ರವನ್ನು ತೆಗೆದು ಹೊಸದನ್ನು ಇಡುವುದು, ಮುಂದಿನ ಊರಿಗೆ ಅಂಚೆಗೆ ಹಾಕುವುದು. ನಡುವೆ ಎಲ್ಲಿಯೂ ಕಳೆಯದಿದ್ದರೆ ಎರಡೂವರೆ ಮೂರು ತಿಂಗಳಿಗೆ ಒಂದು ಸುತ್ತು. ಬಳ್ಳಾರಿಯಲ್ಲಿ ಮಾತ್ರ ಅದು ಪ್ರತಿ ಸಲವೂ ತಂಗುತ್ತಿತ್ತು. ಅಲ್ಲಿಯ ಮಿತ್ರರು ‘ನಾಳೆ ಬರೆದರಾಯಿತು’ ಎನ್ನುವ ವರ್ಗಕ್ಕೆ ಸೇರಿದವರು.

ಆ ಲಕೋಟೆಯಲ್ಲಿ ಏನಿರುತ್ತಿತ್ತು? ಬಡ್ತಿಯ ಸುದ್ದಿ ಇರುತ್ತಿತ್ತು, ಮಗುವಿನ ನಾಮಕರಣ ಇರುತ್ತಿತ್ತು. ಅವುಗಳ ಜೊತೆಗೇ ತಮ್ಮನೊಡನೆ ಹೊಲದ ಪಾಲಿನ ಜಗಳ, ಹೆಂಡತಿಯ ಗರ್ಭಪಾತ, ತಂದೆ ಕುಡಿತ ಬಿಡದಿದ್ದುದು, ಸಾಲದ ಕಂತು ಎಲ್ಲವೂ ಇರುತ್ತಿದ್ದವು. ಆರು ಜನರ ಪತ್ರಗಳನ್ನು ಕೈಯಲ್ಲಿ ಹಿಡಿದುಕೊಂಡು ಬರೆಯಲು ಕುಳಿತವನು ತನ್ನದನ್ನಷ್ಟೇ ಬರೆದು ಮುಗಿಸಲಾರ. ಮೊದಲು ಅವರವರ ಪತ್ರಕ್ಕೆ ಮಾರುತ್ತರ ಬರೆಯಬೇಕು. ‘ಅಪ್ಪನವರ ಕಣ್ಣಿನ ಆಪರೇಶನ್ ಏನಾಯಿತು?’ ಎಂದು ಕೇಳಿ ಆಮೇಲೆ ತನ್ನ ಪುರಾಣ. ‘ಉಭಯ’ ಎಂಬುದು ಆ ಲಕೋಟೆಯ ಕಟ್ಟಳೆಯಲ್ಲಿಯೇ ಅಡಗಿತ್ತು.

ಎಸ್.ಟಿ.ಡಿ. ಬೂತುಗಳು ಬಂದವು, ಕೈಫೋನು ಬಂದಿತು. 1990ರ ದಶಕದ ಕೊನೆಗೆ ಲಕೋಟೆ ನಿಂತಿತು. 2016ರಲ್ಲಿ ಯಾರೋ ಉತ್ಸಾಹಿಗಳು ನಿಲಯದ ಆ ವರ್ಷದ ಎಲ್ಲರನ್ನೂ ಹುಡುಕಿ ಒಂದು ವಾಟ್ಸಾಪ್ ಗುಂಪು ಕಟ್ಟಿದರು. ನಲವತ್ತಕ್ಕೂ ಹೆಚ್ಚು ಜನ, ಅಮೆರಿಕದ ಡಲ್ಲಾಸಿನಲ್ಲಿರುವವರೂ ಇದ್ದಾರೆ. ಮೊದಲ ತಿಂಗಳು ಅದೊಂದು ಜಾತ್ರೆಯೇ ಆಯಿತು. ಕಾಣದ ಮುಖಗಳು ಕಂಡವು. ಸಂತೋಷಪಟ್ಟವರಲ್ಲಿ ನಾವೂ ಇದ್ದೆವು, ಈಗಲೂ ಅದನ್ನು ನಾವು ಹಳಿಯುವುದಿಲ್ಲ. ಅಂಚೆಯಲ್ಲಿ ಬರುವುದೆಲ್ಲ ಪವಿತ್ರ, ಫೋನಿನಲ್ಲಿ ಬರುವುದೆಲ್ಲ ಹುಸಿ ಎಂದು ವಾದಿಸುವ ವೃದ್ಧರ ಸಾಲಿಗೆ ಸೇರಲು ನಮಗೆ ಇಷ್ಟವಿಲ್ಲ. ತಂತಿಯ ಕಾಲದಲ್ಲಿಯೂ ಬಾಯಿಪಾಠದ ಶುಭಾಶಯ ಇದ್ದೇ ಇತ್ತು. 2013ರ ಜುಲೈಯಲ್ಲಿ ನಿಂತುಹೋದ ತಂತಿ ಸೇವೆಯಲ್ಲಿ ಶುಭಾಶಯಗಳಿಗೆಂದೇ ಸಿದ್ಧವಾಕ್ಯಗಳ ಪಟ್ಟಿ ಇದ್ದುದನ್ನು ಹಿರಿಯ ಓದುಗರು ಬಲ್ಲರು. ಸಂಖ್ಯೆಯೊಂದನ್ನು ಸೂಚಿಸಿದರೆ ಸಾಕು, ವಿವಾಹದ ಹಾರೈಕೆ ತಾನಾಗಿ ತಲಪುತ್ತಿತ್ತು. ಇಂದಿನ ಹೆಬ್ಬೆರಳಿನ ಚಿತ್ರ ಅದರ ಮೊಮ್ಮಗು.

ಗುಂಪಿನಲ್ಲಿ ಬರತೊಡಗಿದ್ದು ಗೃಹಪ್ರವೇಶ, ಮಗಳ ಮದುವೆ, ಮೊಮ್ಮಗನ ಜವಳ, ಕೇದಾರದ ಯಾತ್ರೆ, ನಿವೃತ್ತಿಯ ಸನ್ಮಾನ. ಒಂದೊಂದಕ್ಕೂ ನಲವತ್ತು ಅಭಿನಂದನೆ. ನೋಡುವುದಕ್ಕೆ ಚೆಂದವೇ. ಆದರೆ ಇವೆಲ್ಲ ಡಂಗುರದ ಜಾತಿಗೆ ಸೇರಿದವು. ಡಂಗುರ ಹೊಡೆಯುವವನು ಕೇಳುವವರ ಕುಶಲವನ್ನು ವಿಚಾರಿಸುವುದಿಲ್ಲ, ಮುಂದಿನ ಓಣಿಗೆ ಹೋಗುತ್ತಾನೆ. ಇನ್ನೊಂದು ಮಾತು: ಸಾರಲು ಏನೂ ಇಲ್ಲದವನು ಅಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿರಬೇಕಾಗುತ್ತದೆ.

ನಮ್ಮ ಸೊಲ್ಲಾಪುರದ ಮಿತ್ರರ ವಿಷಯ ಹಾಗಾಯಿತು. ಅವರದು ಟವೆಲು ನೇಯುವ ಪವರ್‌ಲೂಮುಗಳ ವ್ಯವಹಾರ. ಎಂಟು ಮಗ್ಗಗಳಿದ್ದವು. ಗುಂಪಿನಲ್ಲಿ ಮೊದಮೊದಲು ಅವರೂ ಬೆಳಗಿನ ನಮಸ್ಕಾರ, ಸಿದ್ಧರಾಮೇಶ್ವರರ ಗುಡಿಯ ಚಿತ್ರ ಕಳಿಸುತ್ತಿದ್ದರು. ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತಿತು. ನಲವತ್ತು ಜನರ ಗದ್ದಲದಲ್ಲಿ ಒಬ್ಬರ ಮೌನ ಯಾರ ಕಿವಿಗೆ ಬೀಳಬೇಕು? ಬೆಳಗಾವಿಯ ಮಿತ್ರರು ಎರಡು ಸಲ ಫೋನು ಮಾಡಿದಾಗ ‘ಎಲ್ಲ ಆರಾಮ’ ಎಂಬ ಉತ್ತರವೇ ಬಂದಿತು. ಬೆಳಗಾವಿಯವರಿಗೆ ಆ ಧ್ವನಿ ಸರಿಬರಲಿಲ್ಲ. 2022ರ ಕಾರ್ತಿಕದಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದರು.

ಅಲ್ಲಿ ಕಂಡದ್ದು ಇಷ್ಟು. ಎರಡೂ ಮೂತ್ರಪಿಂಡಗಳು ಕೈಕೊಟ್ಟು ಒಂದು ವರ್ಷದ ಮೇಲಾಗಿತ್ತು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು, ಡಯಾಲಿಸಿಸ್. ಕೊರೋನಾ ಕಾಲದಲ್ಲಿ ನಿಂತ ಮಗ್ಗಗಳಲ್ಲಿ ಆರನ್ನು ಮಾರಿಯಾಗಿತ್ತು. ಮಗ ಬೇರೊಬ್ಬರ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ‘ಒಂದು ಮಾತು ಗುಂಪಿನಲ್ಲಿ ಹಾಕಬಾರದಿತ್ತೇ?’ ಎಂದು ಬೆಳಗಾವಿಯವರು ಕೇಳಿದರಂತೆ. ಮಿತ್ರರು ಸುಮ್ಮನಿದ್ದರು. ಅವರ ಮನೆಯ ತಾಯಿಯೇ ಹೇಳಿದರು: “ಏನಂತ ಹಾಕೂದರೀ ಅಣ್ಣಾರ ಅದರಾಗ? ಮಂದಿ ಮೊಮ್ಮಕ್ಕಳ ಫೋಟೋ ಹಾಕ್ಯಾರ. ನಾವು ಸೂಜಿ ಚುಚ್ಚಿದ ಕೈ ಫೋಟೋ ಹಾಕೂಣೇನು?”

ಈ ಮಾತನ್ನು ಕೇಳಿದ ಮೇಲೆ ನಮಗೆ ಬಹಳ ದಿನ ಬೇರೊಂದು ವಿಚಾರ ಸುಳಿಯಲಿಲ್ಲ. ಇದರಲ್ಲಿ ಯಾರ ತಪ್ಪನ್ನು ಎತ್ತಿ ಆಡುವುದು? ಮಗಳ ಮದುವೆಯ ಚಿತ್ರ ಹಾಕಿದವರು ಯಾರನ್ನೂ ನೋಯಿಸಲೆಂದು ಹಾಕಿದವರಲ್ಲ. ಆದರೂ ಸಂತೋಷದ ಸಾಲುಗಳು ದಿನದಿನವೂ ಬೆಳೆದು ಗೋಡೆಯಾಗುತ್ತವೆ. ದುಃಖ ಹೊತ್ತವನು ಗೋಡೆಯಾಚೆ ಉಳಿಯುತ್ತಾನೆ. ಹಳೆಯ ಲಕೋಟೆಯಾಗಿದ್ದರೆ ಸೊಲ್ಲಾಪುರದ ಪತ್ರವಿಲ್ಲದ ಲಕೋಟೆಯು ಗುಲಬರ್ಗಾಕ್ಕೆ ಬಂದ ದಿನವೇ ಅಲ್ಲಿಯವರು ಗಾಬರಿಯಾಗುತ್ತಿದ್ದರು. ಏಳರಲ್ಲಿ ಒಂದು ಕಡಿಮೆಯಾದರೆ ಎಣಿಕೆಗೆ ಸಿಕ್ಕುತ್ತದೆ, ನಲವತ್ತರಲ್ಲಿ ಸಿಕ್ಕುವುದಿಲ್ಲ.

ಶರಣರ ಕಾಲಕ್ಕೆ ಅಂಚೆ ಇರಲಿಲ್ಲ, ಕಾಲುಗಳಿದ್ದವು. ಕಲ್ಯಾಣದಲ್ಲಿ ಕೂಡಿದವರು ಒಂದೇ ಊರಿನವರಲ್ಲ. ಕಲ್ಯಾಣವು ಕದಡಿದ ಮೇಲೆ ಬಸವಣ್ಣನವರು ಕೂಡಲಸಂಗಮಕ್ಕೆ, ಚೆನ್ನಬಸವಣ್ಣನವರು ಉಳವಿಗೆ, ಹೀಗೆ ದಿಕ್ಕುಪಾಲಾದರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಿಗೆ ಸಂಕಲಿಸಿದ ‘ಶೂನ್ಯಸಂಪಾದನೆ’ಯನ್ನು ತೆರೆದು ನೋಡಿರಿ. ಅದರ ತುಂಬ ಸಂವಾದ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ, ಉತ್ತರವನ್ನು ಮತ್ತೆ ಪ್ರಶ್ನಿಸುತ್ತಾರೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ತಾವೇ ನಡೆದು ಹೋದ ಪ್ರಸಂಗ ಅಲ್ಲಿದೆ. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಸಿದ್ಧರಾಮೇಶ್ವರರು ಅಲ್ಲಿ ಕೆರೆ ಕಟ್ಟಿಸುತ್ತಿದ್ದರು, ಕೀರ್ತಿ ಹರಡಿತ್ತು. ದೂರದಿಂದ ಆ ಕೀರ್ತಿಯನ್ನು ಕೇಳಿ ತಲೆದೂಗಿ ಪ್ರಭುಗಳು ಸುಮ್ಮನಾಗಲಿಲ್ಲ. ಎದುರು ನಿಂತು, ಬಿರುಸಾಗಿ ಮಾತನಾಡಿ, ಅವರ ಅಂತರಂಗದ ಸ್ಥಿತಿಯನ್ನೇ ವಿಚಾರಿಸಿದರು. ಕೊನೆಗೆ ಕಲ್ಯಾಣಕ್ಕೆ ಕರೆತಂದರು. ಬೆಳಗಾವಿಯ ಮಿತ್ರರನ್ನು ಪ್ರಭುಗಳಿಗೆ ಹೋಲಿಸುವಷ್ಟು ಧಾರ್ಷ್ಟ್ಯ ನಮಗಿಲ್ಲ. ಹೋಲಿಸಿದರೆ ಅವರೇ ನಗುತ್ತಾರೆ. ಅವರು ಹಿಡಿದ ದಾರಿ ಮಾತ್ರ ಹಳೆಯದು ಎಂದಷ್ಟೇ ಹೇಳುತ್ತೇವೆ.

ಸ್ತ್ರೀಯರು ಈ ವಿಷಯದಲ್ಲಿ ಗಂಡಸರಿಗಿಂತ ಜಾಣರು ಎಂಬುದು ನಮ್ಮ ಅಭಿಪ್ರಾಯ. ನಮ್ಮ ಪ್ರವಚನಕ್ಕೆ ಬರುವ ತಾಯಿಯೊಬ್ಬರು ನಿವೃತ್ತ ಶಿಕ್ಷಕಿಯರು. ಶಿಕ್ಷಕರ ತರಬೇತಿಯ ಕಾಲದಲ್ಲಿ ಅವರಿಗೂ ಐದು ಜನ ಗೆಳತಿಯರಿದ್ದರು. ಮದುವೆಯಾಯಿತು, ಊರು ಬದಲಾಯಿತು, ಅಡ್ಡಹೆಸರು ಬದಲಾಯಿತು. ಗಂಡನ ಮನೆಗೆ ಬಂದ ಕಾಗದವನ್ನು ಮೊದಲು ಮನೆಯ ಹಿರಿಯರು ಒಡೆದು ಓದುವುದು ಅಂದಿನ ರೂಢಿ. ಹೀಗಿರುವಾಗ ಮನಸ್ಸಿನ ಮಾತನ್ನು ಬರೆಯುವುದೆಲ್ಲಿಂದ ಬಂತು? ಕಾರ್ಡಿನಲ್ಲಿ ‘ಕ್ಷೇಮ’ ಎಂದು ಬರೆದು ಬರೆದು ಬೇಸತ್ತು ನಿಲ್ಲಿಸಿದರು. ಮೂವತ್ತು ವರ್ಷಗಳ ಮೇಲೆ ಕೈಫೋನಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಅಂಚೆಯನ್ನು ಹೊಗಳುವಾಗ ನಾವು ಈ ತಾಯಂದಿರನ್ನು ಮರೆಯಬಾರದು. ಅವರ ಪಾಲಿಗೆ ಈ ಯಂತ್ರವೇ ಬಂಧಮುಕ್ತಿ.

ಆ ಆರು ಜನರದು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲಿನ ಹೊತ್ತು. ಚಿತ್ರಗಳನ್ನು ಹೆಚ್ಚು ಕಳಿಸುವುದಿಲ್ಲ, ಮಾತನಾಡಿ ಧ್ವನಿಯನ್ನು ಕಳಿಸುತ್ತಾರೆ. ಏನು ಮಾತನಾಡುತ್ತೀರಿ ಎಂದು ನಾವು ವಿಚಾರಿಸಿದೆವು. “ಮತ್ತೇನೂ ಇಲ್ಲರೀ, ಏನು ಅಡಿಗಿ ಮಾಡಿದಿ ಅಂತ ಕೇಳ್ತೀವಿ” ಎಂದರು. ನಮಗೆ ನಗೆ ಬಂದಿತು. ಅವರು ಮುಂದುವರಿಸಿ ಹೇಳಿದರು: “ಅಡಿಗಿ ಮಾಡಿಲ್ಲ ಅಂದ್ರ ಯಾಕ ಅಂತ ಕೇಳ್ತೀವಿ. ಜ್ವರ ಬಂದಾವು ಅಂತಾಳ. ಹಂಗಾರ ಮನಿಯಾಗ ಯಾರಿಲ್ಲೇನು ಅಂತ ಕೇಳ್ತೀವಿ. ಆವಾಗ ಸೊಸಿ ತವರಿಗೆ ಹೋಗಿದ್ದು, ಯಾಕ ಹೋದಳು ಅನ್ನೂದು, ಎಲ್ಲಾ ಹೊರಗ ಬರ್ತೈತ್ರಿ.” ನಮ್ಮ ನಗೆ ಅಲ್ಲಿಗೇ ನಿಂತಿತು. ‘ಹೇಗಿದ್ದೀಯೆ?’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ’ ಎನ್ನುವುದು ಎಲ್ಲರಿಗೂ ಸುಲಭ. ‘ಇಂದು ಏನು ಉಂಡೆ?’ ಎಂದು ಕೇಳಿದರೆ ಸುಳ್ಳು ಹೇಳುವುದು ಸ್ವಲ್ಪ ಕಷ್ಟ. ಸೊಲ್ಲಾಪುರದವರನ್ನು ಯಾರಾದರೂ ಹಾಗೆ ಕೇಳಿದ್ದರೆ, ಉಪ್ಪು ಬಿಟ್ಟ ಅಡಿಗೆಯ ಸುದ್ದಿಯಿಂದಲೇ ಉಳಿದುದೆಲ್ಲ ಹೊರಬೀಳುತ್ತಿತ್ತು. ಆ ಕಾಯಿಲೆಯಲ್ಲಿ ಉಪ್ಪಿಗೂ ಕುಡಿಯುವ ನೀರಿಗೂ ಲೆಕ್ಕ ಹಾಕಬೇಕು.

ಸೊಲ್ಲಾಪುರದವರಿಗೆ ಏನು ಮಾಡಲಾಯಿತು ಎಂದು ಓದುಗರು ಕೇಳಬಹುದು. ಹಣದ ವಿಷಯವನ್ನು ನಾವು ಇಲ್ಲಿ ವಿವರಿಸುವುದಿಲ್ಲ. ಕೊಟ್ಟದ್ದನ್ನು ಬರೆದು ತೋರಿಸಿದರೆ ದಾಸೋಹದ ರುಚಿ ಕೆಡುತ್ತದೆ. ನಲವತ್ತು ಜನರ ಗುಂಪು ಹಾಗೆಯೇ ಇದೆ, ಅದರ ಜಾತ್ರೆಯೂ ನಡೆದಿದೆ. ಅದರ ಹೊರಗೆ ಮೊದಲಿನ ಏಳು ಜನ ಒಂದು ಸರದಿ ಹಾಕಿಕೊಂಡಿದ್ದೇವೆ. ಪ್ರತಿ ಸೋಮವಾರ ಸಂಜೆ ಒಬ್ಬರು ಸೊಲ್ಲಾಪುರಕ್ಕೆ ಫೋನು ಮಾಡಬೇಕು, ಹಬ್ಬದ ಶುಭಾಶಯವನ್ನು ಲೆಕ್ಕಕ್ಕೆ ಹಿಡಿಯಬಾರದು. ಡಯಾಲಿಸಿಸ್ಸಿನ ನಾಲ್ಕು ತಾಸು ಬಹಳ ದೀರ್ಘ ಎಂದು ಅವರು ಒಮ್ಮೆ ಹೇಳಿದ್ದರಿಂದ ಕಲಬುರಗಿಯ ಮಿತ್ರರು ಆ ಹೊತ್ತಿಗೇ ಫೋನು ಮಾಡಿ ವಚನಗಳನ್ನು ಓದಿ ಹೇಳುತ್ತಾರೆ, ನಡುನಡುವೆ ಕಲಬುರಗಿಯ ರಾಜಕಾರಣವನ್ನೂ. ಎರಡನೆಯದಕ್ಕೇ ಹೆಚ್ಚು ಬೇಡಿಕೆ ಎಂದು ತಿಳಿದುಬಂದಿದೆ.

ಲಕೋಟೆಯನ್ನು ಮತ್ತೆ ಹೊರಡಿಸಬೇಕೆಂದು ಹಟ ಹಿಡಿದವರು ಸೊಲ್ಲಾಪುರದವರೇ. ರಿಜಿಸ್ಟರ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿರುವುದರಿಂದ ಈಗ ಸ್ಪೀಡ್ ಪೋಸ್ಟಿನಲ್ಲಿಯೇ ಕಳಿಸುತ್ತಿದ್ದೇವೆ. ಮೊದಲಿನಂತೆ ವಾರಗಟ್ಟಲೆ ಕಾಯಬೇಕಾಗಿಲ್ಲ. ಕಳೆದ ಸುತ್ತಿನ ಅವರ ಪತ್ರವನ್ನು ನಾವು ಎರಡು ಸಲ ಓದಿದೆವು. ಕೈ ನಡುಗಿ ಅಕ್ಷರಗಳು ಸೊಟ್ಟಗಾಗಿದ್ದವು. ತಮ್ಮ ಕಾಯಿಲೆಗೆ ನಾಲ್ಕು ಸಾಲು. ಉಳಿದ ಒಂದೂವರೆ ಪುಟದಲ್ಲಿ ಪುಣೆಯವರ ಮನೆಯವರ ಮೊಣಕಾಲು, ಬೆಂಗಳೂರಿನವರ ಮಗನಿಗೆ ಕನ್ಯೆ ಗೊತ್ತಾಯಿತೇ ಇಲ್ಲವೇ, ನಮ್ಮ ಕಣ್ಣಿನ ಪೊರೆ ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿದ್ದರು. ಈ ಸಲದ ಲಕೋಟೆ ಸೊಲ್ಲಾಪುರ ಬಿಟ್ಟು, ಕಲಬುರಗಿ ದಾಟಿ, ಬಳ್ಳಾರಿ ತಲಪಿದೆ. ತಲಪಿ ಹನ್ನೆರಡು ದಿನಗಳಾದವು. ಬಳ್ಳಾರಿಯವರು ನಾಳೆ ಬರೆಯುತ್ತಾರಂತೆ.